ಗಾಳಿ ಸೀಳುವ ಚಕ್ರವೂ ತವರಿನ ಸೀರೆಯೂ

ಮೊಳಕಾಲ್ಮೂರಿನಲ್ಲಿ ಗಾಳಿ ಸೀಳುವ ಸೈಕಲ್ ಚಕ್ರ ಹಾಕಿಸಿದ ಮೊದಲಿಗ ನಾನು! ಕಡ್ಡಿ ಚಕ್ರ ಎಲ್ಲರೂ ನೋಡಿದ್ದೀರಿ. ನನ್ನ ಹಿಂದಿನ ಚಕ್ರಕ್ಕೆ ಕಡ್ಡಿಯೇ ಕಾಣದು, ತಟ್ಟೆಯಂತೆ ಮುಚ್ಚಿದೆ. ಮುಂದಿನದಕ್ಕೆ ಅಂಗೈ ಅಗಲದ ರಿಮ್ಮು. ಅದರ ಮಹಿಮೆಯನ್ನು ಕೇಳಿದವರಿಗೆಲ್ಲ ಬೋಧಿಸಿದ್ದೆ, ಕೇಳದವರಿಗೂ.

ಆಷಾಢದ ಒಂದು ಬೆಳಿಗ್ಗೆ ಚಳ್ಳಕೆರೆಯಿಂದ ಮಾವನ ಫೋನ್ ಬಂತು. ಅವರ ಹೆಂಡತಿ, ನನ್ನ ಸೋದರತ್ತೆ, ತೀರಿಕೊಂಡಿದ್ದಳು. ಮಧ್ಯಾಹ್ನಕ್ಕೆ ಮಣ್ಣು. ಮದುವೆಯಾದ ಹೆಣ್ಣಿಗೆ ಕೊನೆಯ ಸೀರೆ ತವರಿನಿಂದಲೇ ಬರಬೇಕು. ತವರು ಅಂತ ಉಳಿದಿದ್ದವನು ನಾನೊಬ್ಬನೇ. "ನನ್ ಸೀರೆ ನೀನೇ ತರ್ಬೇಕು ಕಣೋ" ಎಂದು ಅವಳು ನಗುತ್ತಲೇ ಹೇಳುತ್ತಿದ್ದಳು.

ನಮ್ಮ ಮಗ್ಗದಿಂದ ಇಳಿಸಿದ ಹೊಸ ಸೀರೆಯನ್ನು ಬೆನ್ನಚೀಲಕ್ಕೆ ಹಾಕಿ, ಸೈಕಲ್ ಸವಾರಿಯ ಚಡ್ಡಿ ಏರಿಸಿದೆ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಬಸ್ಸಿಗೆ ಹೋಗ್ರಿ. ಗಾಳಿ ಹೆಂಗೈತೆ ನೋಡ್ರಿ."

"ಬಸ್ಸು ಊರೂರಿಗೂ ನಿಲ್ತೈತೆ. ಅದಕ್ಕಿಂತ ಮುಂಚೆ ನಾನಿರ್ತೀನಿ!"

"ಆ ಬಿಗಿ ಚಡ್ಡೀಲಿ ಸಾವಿನ ಮನೆಗೆ ಹೋಗ್ತೀರಾ?"

"ಅಲ್ಲಿ ಮಾವನ ಪಂಚೆ ಉಟ್ಕಂತೀನಿ."

ನನ್ನ ಚಕ್ರ ಎದುರುಗಾಳಿಯನ್ನು ಸೀಳುತ್ತದೆ, ನಿಜ. ಅಡ್ಡಗಾಳಿಯ ಅಧ್ಯಾಯ ನಾನು ಓದಿರಲಿಲ್ಲ! ಕಡ್ಡಿಗಳ ನಡುವೆ ನುಸುಳಿ ಹೋಗಬೇಕಿದ್ದ ಗಾಳಿ ನನ್ನ ತಟ್ಟೆಗೆ ಬಡಿದು, ಸೈಕಲ್ ಸಮೇತ ನನ್ನನ್ನು ಜಾಲಿ ಪೊದೆಗೆ ಎಸೆಯಿತು. ಎದ್ದೆ, ಹತ್ತಿದೆ, ಮತ್ತೆ ಬಿದ್ದೆ. ಜಾಲಿಗೂ ನನಗೂ ಸಲುಗೆ ಬೆಳೆಯಿತು. ಮುಳ್ಳು ಟೈರಿಗೂ ಇಳಿಯಿತು. ನಾನು ಸೈಕಲ್ ತಳ್ಳುತ್ತಿದ್ದಾಗ ಬಸ್ಸು ಹಾರ್ನ್ ಹೊಡೆದು ಮುಂದೆ ಹೋಯಿತು. ಮಾವ ಫೋನ್ ಮಾಡಿ ಎಲ್ಲಿದ್ದೀಯಪ್ಪಾ ಎಂದಾಗಲೆಲ್ಲ "ಬಂದೇಬಿಟ್ಟೆ ಮಾವಾ!" ಎಂದೆ.

ತಳಕಿನ ಪಂಕ್ಚರ್ ಅಂಗಡಿಯವನು ಪಂಪು ಹಿಡಿದು ಮುಖ ಸಿಂಡರಿಸಿದ.

"ಸಾರ್, ಇದರ ಗಾಳಿ ತುಂಬೋ ಮೂತಿನೇ ಬ್ಯಾರೆ ಐತೆ. ನನ್ ಪಂಪು ಕೂರಲ್ಲ."

"ಇದು ಹೊಸ ತಂತ್ರಜ್ಞಾನ ಕಣಯ್ಯಾ."

"ಹಂಗಾರೆ ತಂತ್ರಜ್ಞಾನಾನ ತಳ್ಕಂಡ್ ಹೋಗ್ರಿ!"

ಕೊನೆಗೆ ಯಾವುದೋ ಲಗೇಜ್ ಆಟೋದಲ್ಲಿ ಚಳ್ಳಕೆರೆ ತಲುಪಿದೆ. ಮಣ್ಣು ಮಾಡಿ ಬಂದವರು ಸ್ನಾನ ಮಾಡುತ್ತಿದ್ದರು. ಮಾವ ಒದ್ದೆ ಪಂಚೆಯಲ್ಲೇ ಬಂದು ನನ್ನನ್ನು ಗೋಡೆಯ ಮರೆಗೆ ಕರೆದೊಯ್ದರು.

"ಎಷ್ಟೊತ್ತು ಅಂತ ಕಾಯೋದಪ್ಪಾ? ಪ್ಯಾಟೇಲಿ ಒಂದ್ ಸೀರೆ ತರ್ಸಿ, ತವರಿಂದ ಬಂತು ಅಂತ ಹೇಳಿ ಹೊದ್ಸಿದೆ. ಅವಳಿಗೆ ತವರಿಲ್ಲ ಅಂತ ಯಾರೂ ಅನ್ಬಾರ್ದು ನೋಡು."

ಅವರು ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು.

"ಸಾವಿಗೆ ತಂದ ಸೀರೆ ವಾಪಸ್ ಒಯ್ಯಬಾರ್ದು. ಮಣ್ಣಿನ ಗುಡ್ಡೆ ಮ್ಯಾಲೆ ಹೊದ್ಸಿ ಬಾ" ಎಂದು ಅವರು ಒಳಗೆ ಹೋದರು. ಪಂಚೆ ಕೇಳುವ ಮುಖ ನನಗಿರಲಿಲ್ಲ.

ಬಿಗಿ ಚಡ್ಡಿಯಲ್ಲೇ ಸ್ಮಶಾನಕ್ಕೆ ಹೋದೆ. ಹಸಿ ಮಣ್ಣಿನ ಮೇಲೆ ಸೀರೆ ಹರಡಿದರೆ ಗಾಳಿ ಎತ್ತಿತು. ಈ ಮೂಲೆಗೆ ಕಲ್ಲಿಟ್ಟರೆ ಆ ಮೂಲೆ ಎದ್ದಿತು. "ಅತ್ತೇ" ಎಂದು ಕೂಗಿ ಅತ್ತೆ. ಮೂರು ಮೂಲೆಗೆ ಕಲ್ಲು ಸಿಕ್ಕವು, ಸೆರಗಿನ ಮೂಲೆಗೆ ಸಿಗಲಿಲ್ಲ. ಅದರ ಮೇಲೆ ನಾನೇ ಕೂತೆ. ಬೆಳಿಗ್ಗೆ ಗಾಳಿ ಸೀಳಲು ಹೊರಟವನು, ಕತ್ತಲಾಗುವವರೆಗೆ ಒಂದು ಕಲ್ಲಿನ ಕೆಲಸಕ್ಕಂತೂ ಬಂದೆ!