ಹಳದಿ ದೀಪ ಮತ್ತು ಕಪ್ಪು ಟೇಪು

ಗುರುವಾರ ಬೆಳಗ್ಗೆ ಎಂಟೂಕಾಲಕ್ಕೆ, ಇಪ್ಪತ್ತೊಂದು ವರ್ಷದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಪುಟ್ಟದೊಂದು ಹಳದಿ ದೀಪ ಹತ್ತಿತು. ಎಂಜಿನ್ ಬಿಸಿಮಾಡಲು ಕೂತಿದ್ದ ಕಾರಿನ ಯಜಮಾನರು, ಊರಿನ ವಾಚು ರಿಪೇರಿಯವರು, ಬಗ್ಗಿ ನೋಡಿದರು. ದೀಪದಲ್ಲಿದ್ದದ್ದು ಎಂಜಿನ್ನಿನ ಚಿತ್ರವಂತೆ. ಅವರ ಕಣ್ಣಿಗೆ ಅದು ನಲ್ಲಿಗೂ ಹೆಲಿಕಾಪ್ಟರಿಗೂ ಹುಟ್ಟಿದ ಕೂಸಿನಂತೆ ಕಂಡಿತು.

ಬೇರೆ ಮನೆಯಲ್ಲಾದರೆ ಅದು ಬರೀ ದೀಪ. ಈ ಮನೆಯಲ್ಲಿ ಮರಣದಂಡನೆಯ ಆಜ್ಞೆ. ಹೋದ ತಿಂಗಳು ಕಾರು ನಡುರಸ್ತೆಯಲ್ಲಿ ನಿಂತು, ಹಿಂದಿನ ಹದಿನೇಳು ವಾಹನಗಳು ಏಕಕಂಠದಿಂದ ಹಾರನ್ ಹೊಡೆದಾಗ, ಹೆಂಡತಿ ತೀರ್ಪು ಕೊಟ್ಟಿದ್ದಳು: "ಇನ್ನೊಂದೇ ಒಂದು ತಕರಾರು ಮಾಡ್ಲಿ, ಅವತ್ತೇ ಗುಜರಿಗೆ." ಅವಳು ಶಾಲೆಯ ಡ್ರಿಲ್ ಟೀಚರ್. ಊದಿದ ಸೀಟಿಯನ್ನು ವಾಪಸ್ ತೆಗೆದುಕೊಳ್ಳುವ ಪದ್ಧತಿ ಅವಳಲ್ಲಿಲ್ಲ.

ಒಂದೇ ಮಗಳನ್ನು ಬಟ್ಟೆಯಲ್ಲಿ ಸುತ್ತಿ ಆಸ್ಪತ್ರೆಯಿಂದ ತಂದದ್ದು ಇದೇ ಕಾರಿನಲ್ಲಿ. (ಅಂದು ಅವರು ಓಡಿಸಿದ ವೇಗಕ್ಕೆ ಸೈಕಲ್ಲೊಂದು ಎರಡು ಸಲ ಹಿಂದಿಕ್ಕಿತ್ತು.) ಇಂಥದ್ದನ್ನು ಗುಜರಿಗೆ ಕೊಡುವುದೇ? ಅದೂ, ಸಾವಿರಾರು ಗಡಿಯಾರಗಳ ಎದೆಬಡಿತ ಹಿಡಿದ ವೈದ್ಯ ಮನೆಯಲ್ಲೇ ಇರುವಾಗ?

ಪ್ರತಿದಿನ ಎಂಟೂವರೆಗೆ ಹೆಂಡತಿ ಶಾಲೆಗೆ ಈ ಕಾರಿನಲ್ಲೇ ಹೊರಡುತ್ತಿದ್ದಳು. ಉಳಿದದ್ದು ಹದಿನೈದು ನಿಮಿಷ. ವೈದ್ಯರು ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬಾನೆಟ್ಟಿನ ಮೇಲೆ ಬೋರಲಾಗಿ ಕಿವಿಯಿಟ್ಟರು. ಟಕ್, ಟಕ್, ಟಕ್. ಎಂಜಿನ್ನೋ, ತಮ್ಮದೇ ಎದೆಯೋ ತಿಳಿಯಲಿಲ್ಲ.

"ಏನ್ರೀ ಅದು, ಕಾರನ್ನ ತಬ್ಕೊಂಡು?" ಕಿಟಕಿಯಿಂದ ಹೆಂಡತಿ.

"ಧೂಳು ಒರೆಸ್ತಿದೀನಿ ಕಣೇ."

"ಕಿವಿಯಲ್ಲಾ?"

"ನೀನು ಸಕ್ಕರೆ ಡಬ್ಬಿ ಮುಚ್ಚಳ ಸಡಿಲ ಮಾಡಿಟ್ಟು ಹೋಗು, ಸಾಕು. ಬೆಳಗ್ಗೆಯಿಂದ ಸಪ್ಪೆ ಕಾಫಿ ಕುಡಿದಿದೀನಿ."

"ಮುಚ್ಚಳ ಅಂದ್ರೆ ಮುಚ್ಚಬೇಕು, ಗೊತ್ತಾ?"

"ವಸ್ತುವಿನ ಕತ್ತು ಹಿಸುಕಬಾರದು! ಎರಡು ಬೆರಳು, ಅರ್ಧ ಸುತ್ತು. ಮೂವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಸ್ಕ್ರೂ ಮುರಿದಿದೆಯಾ?"

ಎರಡು ಬೆರಳು, ಅರ್ಧ ಸುತ್ತು! ಇದು ಅವರ ಧರ್ಮ. ಮನೆಯ ನಲ್ಲಿಗಳೆಲ್ಲ ಈ ಧರ್ಮದ ಪ್ರಕಾರವೇ ತೊಟ್ಟಿಕ್ಕುತ್ತಿದ್ದವು.

ರೋಗ ಪತ್ತೆಯಾಗಲಿಲ್ಲ, ಎಂಟೂವರೆ ಮಾತ್ರ ಆಯಿತು. ಒಳಗಿನಿಂದ ಚಪ್ಪಲಿ ಸದ್ದು. ವೈದ್ಯರು ಕೊನೆಯ ಚಿಕಿತ್ಸೆಗೆ ಕೈಹಾಕಿದರು: ಉಗುರಿನಗಲದ ಕಪ್ಪು ಟೇಪು ಕತ್ತರಿಸಿ, ಉರಿಯುವ ದೀಪದ ಮೇಲೆ ಅಂಟಿಸಿದರು. ರೋಗಿಗೆ ತಕ್ಷಣ ಗುಣವಾಯಿತು.

ಆದರೂ ಮನಸ್ಸು ತಡೆಯದೆ, "ನಾನೂ ಬರ್ತೀನಿ" ಎಂದು ಪಕ್ಕದಲ್ಲಿ ಕೂತರು. ದಾರಿಯುದ್ದಕ್ಕೂ ಅವರ ಕಣ್ಣು ರಸ್ತೆಯ ಮೇಲಿರಲಿಲ್ಲ, ಟೇಪಿನ ಮೇಲಿತ್ತು. ಅದರ ಒಂದು ಮೂಲೆ ಮೆಲ್ಲಗೆ ಮೇಲೇಳುತ್ತಿತ್ತು. ಮೊದಲನೆಯ ತಿರುವಿನಲ್ಲಿ ಹಳದಿಯ ಒಂದು ಎಳೆ ಇಣುಕಿತು. ಎರಡನೆಯದರಲ್ಲಿ ಅರ್ಧ ಹೆಲಿಕಾಪ್ಟರ್.

"ಯಾಕ್ರೀ ಬೆವರ್ತಿದೀರಿ?"

"ಸೆಕೆ."

"ಇದೇನಿದು, ಟೇಪು?"

"ಅದಕ್ಕೆ... ಬಿಸಿಲು ತಾಗಬಾರದು ಅಂತ."

ಹೆಂಡತಿ ಕಿತ್ತಳು. ಅಪರಾಧ ಹಳದಿಯಾಗಿ ಬೆಳಗಿತು. ಅವಳು ಬೆನ್ನು ನೆಟ್ಟಗೆ ಮಾಡಿದಳು. (ಮೂವತ್ತು ಮಕ್ಕಳನ್ನು ಬಿಸಿಲಲ್ಲಿ ಅಟೆನ್ಷನ್ ನಿಲ್ಲಿಸುವ ಮುಂಚೆಯೂ ಹೀಗೇ ಮಾಡುತ್ತಿದ್ದಳು.) ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದಳು. "ಮೊದಲು ತಮ್ಮನ ಗ್ಯಾರೇಜು. ಅವನು ಆಗಲ್ಲ ಅಂದ್ರೆ, ಅಲ್ಲಿಂದಲೇ ಗುಜರಿ."

ಭಾವಮೈದುನ ಗ್ಯಾರೇಜಿನ ಮುಂದೆಯೇ ಕೈ ಒರೆಸುತ್ತಾ ನಿಂತಿದ್ದ. ಸ್ಟೀರಿಂಗ್ ಕೆಳಗೆ ದೋಷ ಹುಡುಕುವ ಯಂತ್ರವೊಂದನ್ನು ಚುಚ್ಚಿ, ಅದರ ಪರದೆ ನೋಡಿದ.

"ಹೇಳಪ್ಪಾ, ಉಳಿಯುತ್ತಾ?" ವಾಚು ರಿಪೇರಿಯವರು ಬಾನೆಟ್ಟು ಸವರಿದರು.

"ಎಂಜಿನ್ ಚೆನ್ನಾಗೇ ಇದೆ ಭಾವ. ಪೆಟ್ರೋಲ್ ಆವಿ ಎಲ್ಲೋ ಸೋರ್ತಿದೆ, ಅದಕ್ಕೇ ದೀಪ ಹತ್ತಿದೆ, ಅಷ್ಟೆ." ಹಿಂದಕ್ಕೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಮುಟ್ಟಿದ. ಅದು ಕಿರುಬೆರಳಿಗೇ ತಿರುಗಿ ಕೈಗೆ ಬಂತು. "ಯಾರಿದನ್ನ ಹೀಗೆ ಹಾಕಿದ್ದು? ಟಿಕ್ ಟಿಕ್ ಅಂತ ಮೂರು ಸಲ ಸದ್ದು ಬರೋವರೆಗೂ ತಿರುಗಿಸ್ಬೇಕು."

ವಾಚು ರಿಪೇರಿಯವರಿಗೆ ಹೋದ ಜೀವ ಬಂತು, ಜೊತೆಗೆ ನಾಲಿಗೆಯೂ ಬಂತು. "ಬಂಕಿನವರು! ಯಂತ್ರದ ಮರ್ಮ ಗೊತ್ತಿಲ್ಲದ ಮೊದ್ದುಗಳು!"

"ಬಂಕಿನವರಾ?" ಹೆಂಡತಿ ನಿಧಾನವಾಗಿ ತಿರುಗಿದಳು. "ಸೋಮವಾರ ಆ ಮುಚ್ಚಳನ ಅವರ ಕೈಯಿಂದ ಕಿತ್ಕೊಂಡು, 'ಕತ್ತು ಹಿಸುಕಬೇಡ' ಅಂತ ಪಾಠ ಮಾಡಿ, ನೀವೇ ಹಾಕಿದ್ದಲ್ವಾ? ಎರಡು ಬೆರಳು, ಅರ್ಧ ಸುತ್ತು?"

 ಭಾವಮೈದುನ ಬಾನೆಟ್ಟು ಎತ್ತಿ ಒಳಗೆ ತಲೆ ತೂರಿಸಿದ. ಅವನ ಬೆನ್ನು ಕುಲುಕುತ್ತಿತ್ತು.

"ಅಕ್ಕಾ, ಹಾಗಾದ್ರೆ ಗುಜರಿಗೆ?" ಒಳಗಿನಿಂದಲೇ ಕೇಳಿದ.

"ಕಾರು ಯಾಕೆ? ಅದರದ್ದೇನು ತಪ್ಪು?" ಎಂದಳು ಅವಳು, ಗಂಡನನ್ನು ಅಡಿಯಿಂದ ಮುಡಿವರೆಗೆ ನೋಡುತ್ತಾ. "ತೂಕಕ್ಕೆ ಹಾಕಿದ್ರೂ ಇವರನ್ನ ಯಾರೂ ತಗೊಳಲ್ಲ."

ಕಾರು ಉಳಿಯಿತು. ಈಗ ಪೆಟ್ರೋಲ್ ಹಾಕಿಸಿದಾಗಲೆಲ್ಲ ಮುಚ್ಚಳ ತಿರುಗಿಸುವವಳು ಅವಳು. ಹಿಂದೆ ಉದ್ದ ಸಾಲು ಕಾದಿರುವಾಗ, ಊರಿನ ನಾಡಿ ಬಲ್ಲ ಗಡಿಯಾರ ವೈದ್ಯರು ಟ್ಯಾಂಕಿಗೆ ಕಿವಿಯಿಟ್ಟು, ಬಗ್ಗಿ ನಿಂತಿರುತ್ತಾರೆ.

"ಒಂದು... ಎರಡು..."

"ಕೇಳಿಸ್ತಿಲ್ಲ! ಜೋರಾಗಿ!"

"ಮೂರು!"