ನೆವಿಲ್ ಟ್ರೆಲೋರನ ಹಿಂದಿನ ಸೀಟು

“ನಿನಗೆ ಸುರಿಯೋದಕ್ಕೆ ಬೇರೆ ದಿನವೇ ಸಿಗಲಿಲ್ವಾ?”

ಕಾರ್ಪೊರಲ್ ನೆವಿಲ್ ಟ್ರೆಲೋರ್ ಬಚ್ಚಲ ಕನ್ನಡಿಯ ಮುಂದೆ ನಿಂತು ಕೇಳಿದ. ಮನೆಯಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ. ಮೂಗಿಗೇ ಕೇಳಿದ್ದು ಅಂದುಕೊಂಡರೂ ಅದು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ವಾಷರ್ ಸವೆದ ನಲ್ಲಿಯ ಹಾಗೆ ತನ್ನ ಪಾಡಿಗೆ ತಾನು ತೊಟ್ಟಿಕ್ಕುತ್ತಿತ್ತು.

ಯುದ್ಧವಿಮಾನದ ಕಾಕ್‌ಪಿಟ್ಟಿನೊಳಗೆ ಗಾಳಿಯ ಒತ್ತಡ ಕಾಯುವ ಕವಾಟಗಳನ್ನು ನೋಡಿಕೊಳ್ಳುವುದು ನೆವಿಲನ ಕೆಲಸ. ಅಷ್ಟೆತ್ತರದಲ್ಲಿ ಪೈಲಟ್‌ಗಳು ಸುಖವಾಗಿ ಉಸಿರಾಡುವುದು ಅವನ ಕೈಗುಣದಿಂದ. ಅವನು ಮಾತ್ರ ಇಷ್ಟು ವರ್ಷ ವಿಮಾನ ನಿಲ್ಲಿಸುವ ಹ್ಯಾಂಗರಿನ ನೆರಳಲ್ಲೇ ನಿಂತು, ಹಾರಿಹೋದವರನ್ನು ನೋಡಿ ನೋಡಿ ಕತ್ತು ನೋಯಿಸಿಕೊಂಡವನು. ನೆಲದ ಮೇಲೆ ದುಡಿಯುವವರಲ್ಲಿ ಒಬ್ಬರನ್ನು ವರ್ಷಕ್ಕೊಮ್ಮೆ ಎರಡು ಸೀಟಿನ ವಿಮಾನದ ಹಿಂದಿನ ಸೀಟಿನಲ್ಲಿ ಕೂರಿಸಿ ಆಕಾಶ ತೋರಿಸುವುದು ಆ ವಾಯುದಳದ ಪದ್ಧತಿ. ಈ ವರ್ಷ ನೆವಿಲನ ಪಾಳಿ, ಇವತ್ತು ಮಧ್ಯಾಹ್ನ. ನಾಳೆ ಬೆಳಿಗ್ಗೆ ಆ ವಿಮಾನ ಇಬ್ಬರು ಪೈಲಟ್‌ಗಳನ್ನು ಹೊತ್ತು ದಕ್ಷಿಣದ ನೆಲೆಗೆ ಕಾಯಮ್ಮಾಗಿ ಹೊರಟುಹೋಗುತ್ತದೆ. ಇವತ್ತು ತಪ್ಪಿದರೆ ತಪ್ಪಿದ ಹಾಗೇ. ನೆಗಡಿಯಾದವನನ್ನು ಮೇಲೆ ಕಳಿಸಲು ವೈದ್ಯರು ಒಪ್ಪುವುದಿಲ್ಲ. ಕಟ್ಟಿದ ಮೂಗಿನವನ ಕಿವಿ ಅಲ್ಲಿ ಒಡೆದುಹೋದೀತು.

ಯಾರಿಗೂ ಗೊತ್ತಾಗದಿದ್ದರೆ ಸಾಕು ಎಂದುಕೊಂಡು ನೆವಿಲ್ ಹ್ಯಾಂಗರಿಗೆ ಕಾಲಿಟ್ಟ. ಎಲ್ಲರಿಗೂ ನಮಸ್ಕಾರ ಹೇಳಲು ಬಾಯಿ ತೆರೆದ. ಹೊರಬಂದದ್ದು ಸೀನು. ತಗಡಿನ ಮಾಡಿನ ಮೇಲಿದ್ದ ಕಾಕಟೂ ಗಿಳಿಗಳ ಹಿಂಡು ಕಿರುಚಿಕೊಂಡು ಎದ್ದುಹೋಯಿತು.

“ನೆಗಡಿನಾ ನೆವ್?” ಸಾರ್ಜೆಂಟ್ ನೊಲೀನ್ ಟೀ ಮಗ್ಗಿನ ಮೇಲಿಂದ ಕೇಳಿದಳು. ಹ್ಯಾಂಗರಿನ ಯಜಮಾನಿಕೆ ಅವಳದು.

“ಇಲ್ಲಪ್ಪ, ಧೂಳು.”

“ಧೂಳಿಗೆ ಮೂಗು ಟೊಮೆಟೊ ಆಗುತ್ತಾ? ಬಾ ಇಲ್ಲಿ.”

ಮುಂದಿನದು ನೆವಿಲನ ಕೈಯಲ್ಲಿರಲಿಲ್ಲ. ನೊಲೀನ್ ಬಿಸಿನೀರಿಗೆ ನೀಲಗಿರಿ ಎಣ್ಣೆ ಸುರಿದು, ಅವನ ತಲೆಯನ್ನು ಟವೆಲಿನೊಳಗೆ ಅದುಮಿ ಹಿಡಿದಳು. ಎದ್ದಾಗ ಅವನ ಮುಖ ಆಗ ತಾನೇ ಇಳಿಸಿದ ಇಡ್ಲಿಯ ಹಾಗೆ ಹಬೆಯಾಡುತ್ತಿತ್ತು. ಜೊತೆಗಾರ ಡಾರ್ಸಿ ಕುಬಿಯಾಕ್ ಮಾಂಸದ ಕಡುಬಿಗೆ ಹಾಕುವ ಖಾರದ ಸಾಸಿನ ಸೀಸೆಯನ್ನೇ ತಂದ.

“ಒಂದು ಚಮಚ ಕುಡಿ. ನಮ್ಮಜ್ಜಿ ಕುರಿಗಳಿಗೆ ಇದನ್ನೇ ಕೊಡ್ತಿದ್ದಳು.”

“ಕುರಿಗಳು ಬದುಕಿದವಾ?”

“ನೆಗಡಿ ಹೋಯ್ತು ಕಣೋ.”

ಕುಡಿದ. ಕಣ್ಣು, ಕಿವಿ, ನೆತ್ತಿ, ಎಲ್ಲದರಿಂದಲೂ ನೀರು ಬಂತು. ಮೂಗೊಂದು ಮಾತ್ರ ಈಗ ಸಿಮೆಂಟು ಹಾಕಿದಂತೆ ಕಟ್ಟಿಕೊಂಡಿತು.

ಅಷ್ಟರಲ್ಲಿ ಬೆಳಗಿನ ಕೆಲಸ ಕಾದಿತ್ತು. ಒಂದೇ ಸೀಟಿನ ವಿಮಾನವೊಂದರ ಒತ್ತಡ ಪರೀಕ್ಷೆ. ನೆವಿಲ್ ಒಳಗೆ ಕೂತು ಗಾಜಿನ ಮುಚ್ಚಳ ಹಾಕಿಕೊಳ್ಳಬೇಕು. ಹೊರಗೆ ಡಾರ್ಸಿ ಯಂತ್ರದಿಂದ ಗಾಳಿ ತುಂಬಬೇಕು. ಒತ್ತಡ ತೋರಿಸುವ ಮುಳ್ಳು ಗೆರೆ ಮುಟ್ಟಿದಾಗ ಕವಾಟ ತಾನಾಗಿ ತೆರೆದು ಗಾಳಿ ಬಿಡಬೇಕು. ಪ್ರತಿ ವಾರ ಮಾಡುವ ಕೆಲಸ.

ಮುಳ್ಳು ಗೆರೆ ಮುಟ್ಟಿತು. ಕವಾಟ ತೆರೆಯಲಿಲ್ಲ. ಮುಳ್ಳು ಗೆರೆಯನ್ನು ದಾಟಿ ಮುಂದೆ ಹೋಯಿತು. ಡಾರ್ಸಿ ಹೊರಗಿನ ಯಂತ್ರವನ್ನೇನೋ ನಿಲ್ಲಿಸಿದ. ಆದರೆ ತುಂಬಿದ ಗಾಳಿ ಒಳಗೇ ಉಳಿಯಿತು. ವಿಷಲ್ ಕಟ್ಟಿಕೊಂಡ ಕುಕ್ಕರು, ಒಳಗೆ ಬೇಳೆಯ ಜಾಗದಲ್ಲಿ ನೆವಿಲ್.

ಮುಖ ಒರೆಸಿಕೊಳ್ಳಲು ಅವನು ಮಾತಾಡುವ ಹೆಡ್‌ಫೋನನ್ನು ಕಿತ್ತಿಟ್ಟಿದ್ದ. ಕಾಲ ಬಳಿ ಬಿದ್ದಿದ್ದ ಅದರಲ್ಲಿ ಡಾರ್ಸಿ ಒಂದೇ ಸಮನೆ ಕೂಗುತ್ತಿದ್ದ. ಉತ್ತರ ಬರಲಿಲ್ಲ. ಗಾಜಿನಾಚೆ ಕಂಡದ್ದು ಕೆಂಪು ಮುಖ, ತೆರೆದ ಬಾಯಿ. ಮಿತ್ರನಿಗೆ ಉಸಿರು ಕಟ್ಟಿತೆಂದು ಡಾರ್ಸಿ ಏಣಿ ಹತ್ತಿ ಮುಚ್ಚಳದ ಹಿಡಿಗೆ ಕೈಹಾಕಿದ.

ನೆವಿಲ್ ಅದನ್ನು ಕಂಡ. ಇಷ್ಟು ಗಾಳಿ ತುಂಬಿರುವಾಗ ಹಿಡಿ ತಿರುಗಿಸಿದರೆ ಮುಚ್ಚಳ ಡಾರ್ಸಿಯ ತಲೆಯನ್ನೂ ಜೊತೆಗೆ ಕರೆದುಕೊಂಡು ಮಾಡಿಗೆ ಹೋಗುತ್ತದೆ. ಥಟ್ಟನೆ ಎರಡೂ ಕೈ ಎತ್ತಿ, ಮಣಿಕಟ್ಟುಗಳನ್ನು ತಲೆಯ ಮೇಲೆ ಅಡ್ಡ ಹಿಡಿದ.

ಈ ಸನ್ನೆಗೆ ಅಲ್ಲಿ ಒಂದೇ ಅರ್ಥ. ಕಂಡವರು ಕಂಡಲ್ಲೇ ನಿಲ್ಲಬೇಕು, ಎತ್ತಿದ ಕೈ ಇಳಿಯುವವರೆಗೆ ಬೆರಳೂ ಕದಲಿಸಬಾರದು. ಡಾರ್ಸಿ ಏಣಿಯ ಮೇಲೆ ಒಂಟಿಕಾಲಲ್ಲಿ ಕಲ್ಲಾದ. ನೊಲೀನ್ ಟೀ ಮಗ್ಗನ್ನು ತುಟಿಗೆ ಒರಗಿಸಿಕೊಂಡೇ ಶಿಲಾಬಾಲಿಕೆಯಾದಳು.

ಆಗ ನೆವಿಲನಿಗೆ ಹೊಳೆಯಿತು: ಗಾಳಿ ಬಿಡುವ ತುರ್ತು ಗುಬುಟು ಮೊಣಕಾಲ ಬಳಿ ಇದೆ. ಅದನ್ನು ಎಳೆಯಲು ಕೈ ಇಳಿಸಬೇಕು. ಕೈ ಇಳಿಸಿದರೆ ಡಾರ್ಸಿ ಹಿಡಿ ತಿರುಗಿಸುತ್ತಾನೆ.

ಹೊರಗೆ ಒಂದು ನೊಣ ಡಾರ್ಸಿಯ ತುಟಿಯ ಮೇಲೆ ಸಾವಕಾಶವಾಗಿ ವಿಹಾರ ಹೊರಟಿತ್ತು.

“ಸಾರ್ಜೆಂಟ್,” ಅವನು ತುಟಿ ಅಲ್ಲಾಡಿಸದೆ ಗೊಣಗಿದ, “ಇದು ಮೂಗೊಳಗೆ ಹೋಗ್ತಿದೆ.”

“ಹೋಗ್ಲಿ ಬಿಡು,” ನೊಲೀನ್ ಮಗ್ಗಿನೊಳಗಿಂದಲೇ ಅಂದಳು. “ಮೇಲೆ ಮಿದುಳು ಗಿದುಳು ಏನೂ ಸಿಗದಿದ್ದರೆ ತಾನೇ ವಾಪಸ್ ಬರುತ್ತೆ. ಅಲ್ಲಾಡಬೇಡ.”

ನೆವಿಲ್ ಮನಸ್ಸಿನಲ್ಲೇ ಬಲ್ಲ ದೇವರಿಗೆಲ್ಲ ಕೈಮುಗಿದ. ಕೈಗಳು ಹೇಗೂ ಮೇಲೇ ಇದ್ದವು. ಆಮೇಲೆ ಅವನ್ನು ಅಲ್ಲೇ ಬಿಟ್ಟು ಸೊಂಟ ಮಡಿಸಿ, ಬಗ್ಗಿ, ಇನ್ನೂ ಬಗ್ಗಿ, ಗುಬುಟನ್ನು ಹಲ್ಲಿನಲ್ಲಿ ಕಚ್ಚಿ ಎಳೆದ.

ಬುಸ್ಸೆಂದು ಗಾಳಿ ಹೊರಬಿತ್ತು. ಕಾಕ್‌ಪಿಟ್ಟಿನ ತುಂಬ ಬಿಳಿ ಮಂಜು. ಕಿವಿಗಳಲ್ಲಿ ಪಟ್ ಪಟ್ ಎಂದು ಎರಡು ಬಾಗಿಲು ತೆರೆದವು. ಅದರ ಹಿಂದೆಯೇ ಮೂಗೂ ತೆರೆಯಿತು, ಕೋಡಿ ಬಿದ್ದ ಕೆರೆಯ ಹಾಗೆ. ಮಂಜು ಸರಿದಾಗ ನೆವಿಲ್ ಕೈ ಇಳಿಸಿ ಮುಖ ಒರೆಸಿಕೊಂಡು, ಆಳವಾಗಿ ಉಸಿರೆಳೆದು ನಗುತ್ತಿದ್ದ.

ಮಧ್ಯಾಹ್ನ ವೈದ್ಯರು ಅವನ ಕಿವಿಗೆ ದೀಪ ಹಾಕಿದರು, ಮೂಗಿಗೆ ಹಾಕಿದರು, ಮತ್ತೊಮ್ಮೆ ಹಾಕಿದರು. “ಇಷ್ಟು ಚೊಕ್ಕಟವಾದ ಮೂಗನ್ನ ನಾನು ಕೂಸುಗಳಲ್ಲೂ ನೋಡಿಲ್ಲ. ಹೋಗಿ ಹಾರಿ.”

ಹಾರುವ ದಿರಿಸು ತೊಟ್ಟು ನೆವಿಲ್ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಡಾರ್ಸಿ ಅವನನ್ನು ತಬ್ಬಿ ಎತ್ತಿಯೇಬಿಟ್ಟ. “ನನ್ನ ತಲೆ ಉಳಿಸಿದ ದೊರೆ ನೀನು.”

“ಅದನ್ನ ಉಳಿಸಿ ಏನು ಲಾಭ ಅಂತ ನಾವೂ ಯೋಚಿಸ್ತಿದ್ದೀವಿ,” ಅಂದಳು ನೊಲೀನ್. ಅವಳ ಕಣ್ಣು ಮಾತ್ರ ಒದ್ದೆಯಾಗಿತ್ತು.

ನೆವಿಲ್ ಹೆಲ್ಮೆಟ್ ಹಾಕಿಕೊಂಡು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಆಗ ಅವನನ್ನು ಮೇಲೆ ಕರೆದೊಯ್ಯಬೇಕಿದ್ದ ಪೈಲಟ್ ಇಮೊಜೆನ್ ವಾರ್ಲಿ ಕಚೇರಿಯಿಂದ ಸೋತ ಮುಖ ಮಾಡಿಕೊಂಡು ಬಂದಳು.

“ಕಮಾಂಡರ್ ನಿಮ್ಮನ್ನ ತುಂಬಾ ಹೊಗಳಿದರು ನೆವಿಲ್. ಹೊಗಳಿ, ಎಲ್ಲಾ ವಿಮಾನಗಳ ಹಾರಾಟವನ್ನೂ ನಿಲ್ಲಿಸಿಬಿಟ್ಟರು. ಒಂದರ ಕವಾಟ ಅಂಟಿಕೊಂಡಿದ್ದರೆ ಬೇರೆಯವೂ ಅಂಟಬಹುದು ಅಂತೆ. ಟ್ರೆಲೋರ್ ನೋಡಿ ಸರಿಯಿದೆ ಅನ್ನೋವರೆಗೆ ಒಂದೂ ಹಾರಬಾರದಂತೆ.”

ಒಂದು ಕವಾಟ ಬಿಚ್ಚಿ ನೋಡಿ ಮತ್ತೆ ಕೂರಿಸುವಷ್ಟರಲ್ಲಿ ಕತ್ತಲಾಗುತ್ತದೆ. ಅದು ಎಲ್ಲರಿಗೂ ಗೊತ್ತಿತ್ತು.

ಡಾರ್ಸಿಗೆ ಸುಮ್ಮನಿರಲಾಗಲಿಲ್ಲ. “ಈ ಎರಡು ಸೀಟಿನದಕ್ಕೆ ಹೊಸಾ ಕವಾಟ ಹಾಕಿ ಇನ್ನೂ ತಿಂಗಳಾಗಿಲ್ಲ ಮೇಡಂ. ಅದೂ ಯಾರೋ ದಾರೀಲಿ ಹೋಗೋರು ಹಾಕಿದ್ದಲ್ಲ, ನಮ್ಮ ನೆವ್ ಕೈಯಾರೆ ಕೂರಿಸಿದ್ದು.”

ಇಮೊಜೆನ್ ಮುಖ ಅರಳಿತು, ಏಣಿಗೆ ಕೈಹಾಕಿದಳು. “ಮತ್ತೇನು? ನಿಮ್ಮ ಕೈ ಮೇಲೆ ನನಗೆ ನಂಬಿಕೆ ಇದೆ. ಸರಿಯಿದೆ ಅಂತ ಒಂದು ಮಾತು ಹೇಳಿ ನೆವಿಲ್, ಈಗಲೇ ಹೊರಡೋಣ.”

ನೆವಿಲ್ ಹಿಂದಿನ ಸೀಟನ್ನು ನೋಡಿದ. ಅದರ ಆಚೆ ಆಕಾಶ ನೀಲಿಯಾಗಿ, ಮೋಡವಿಲ್ಲದೆ, ತೊಳೆದಿಟ್ಟ ತಟ್ಟೆಯ ಹಾಗಿತ್ತು. ತುಂಬ ಹೊತ್ತು ನೋಡಿದ.

“ಬೆಳಿಗ್ಗೆ ಅಂಟಿಕೊಂಡಿತಲ್ಲ ಮೇಡಂ, ಅದನ್ನ ಕೂರಿಸಿದ್ದು ಯಾರು ಗೊತ್ತಾ?”

“ಯಾರು?”

“ನಾನೇ. ಇದನ್ನ ಕೂರಿಸಿದ ದಿನವೇ. ಇದೇ ಕೈಯಲ್ಲಿ.”

ಇಮೊಜೆನ್ ಮೆಲ್ಲಗೆ ಏಣಿಯಿಂದ ಕೈ ತೆಗೆದಳು. ನೊಲೀನ್ ಮಾತ್ರ ಬಿಡಲಿಲ್ಲ. “ನೆವ್, ಇಷ್ಟು ವರ್ಷ ಕಾದಿದ್ದೀಯ. ತೀರ ಕೆಳಗೇ ಹಾರಿದರಾಯ್ತು, ಒಂದೇ ಒಂದು ಸುತ್ತು. ಸರಿಯಿದೆ ಅಂದುಬಿಡೋ.”

“ಆಗಲ್ಲ,” ಅಂದ ನೆವಿಲ್. ಹೆಲ್ಮೆಟ್ ತೆಗೆದು ಅವಳ ಕೈಗೆ ಕೊಟ್ಟು, ಸ್ಪ್ಯಾನರ್ ಎತ್ತಿಕೊಂಡ.