ಚಶ್ಮಾ ಅಂಗಡಿಯವನ ಹಡಗಿನ ಪುಸ್ತಕಗಳು

ಇಂಥ ಫಜೀತಿ ಬೇರೆಯವರಿಗೆ ವರ್ಷಕ್ಕೊಂದು ಸಲ ಆದರೆ ನನಗೆ ತಿಂಗಳಿಗೊಂದು ಆಗುತ್ತದೆ. ತಪ್ಪು ನನ್ನ ಕಾಲಿನದು ಅನ್ನುತ್ತಾಳೆ ಮನೆಯವಳು. ಪುಸ್ತಕಗಳದು ಅನ್ನುತ್ತೇನೆ ನಾನು.

ರಾಣೇಬೆನ್ನೂರಿನಲ್ಲಿ ನನ್ನದೊಂದು ಚಶ್ಮಾ ಅಂಗಡಿ. ಕಣ್ಣು ತಪಾಸಣೆ ಮಾಡಿ ನಂಬರು ಹೇಳುವವನೂ ನಾನೇ, ಚಶ್ಮಾದ ಗಾಜು, ನಮ್ಮ ಮಾತಿನಲ್ಲಿ ಕಾಜು, ತಿಕ್ಕಿ ಕೂರಿಸುವವನೂ ನಾನೇ. ಬಸ್ ಸ್ಟ್ಯಾಂಡು ಅಲ್ಲಿಂದ ಐದೇ ನಿಮಿಷ, ಅದೇ ಎಲ್ಲದಕ್ಕೂ ಮೂಲ. ಸಮುದ್ರ, ಹಡಗು, ನಾವಿಕರು, ದೀಪಸ್ತಂಭ ಇವುಗಳ ಮೇಲಿನ ಹಳೆಯ ಪುಸ್ತಕ ಎಲ್ಲೋ ಇದೆ ಎಂಬ ಸುದ್ದಿ ಕಿವಿಗೆ ಬಿತ್ತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಬಾಗಿಲಿಗೆ ‘ಈಗ ಬರ್ತೀನಿ’ ಎಂಬ ಬೋರ್ಡು ಸಿಗಿಸಿ ಹೊರಟುಬಿಡುತ್ತೇನೆ. ಪಕ್ಕದ ಬಟ್ಟೆ ಅಂಗಡಿಯವರು ಒಮ್ಮೆ ಕೇಳಿದರು, “ಅಲ್ಲರಿ, ಆ ‘ಈಗ’ ಅನ್ನೂದು ಎಂದು ಬರತೈತಿ?”

ಅಂಗೈಯಲ್ಲಿ ಸಮುದ್ರ

ಒಂದು ದಿನ ಗುತ್ತಲದ ಕಡೆಯ ರೈತರೊಬ್ಬರು ಕಣ್ಣು ತೋರಿಸಲು ಬಂದಿದ್ದರು. ಮೂಗಿನ ಮೇಲೆ ತಪಾಸಣೆಯ ಭಾರದ ಕಬ್ಬಿಣದ ಚೌಕಟ್ಟು ಕೂರಿಸಿ, ಒಂದು ಕಾಜು ತೆಗೆದು ಇನ್ನೊಂದು ಹಾಕಿ, “ಮೊದಲಿಂದು ಚಲೋ ಕಾಣತೈತೋ, ಇದು ಚಲೋ ಕಾಣತೈತೋ?” ಎಂದು ಕೇಳಿದೆ. ಅಷ್ಟರಲ್ಲಿ ಫೋನು ಬಂತು. ಹಾವೇರಿಯಿಂದ ಯಾರೋ ಹೆಣ್ಣುಮಗಳು.

“ಹಳೇ ಸಮುದ್ರದ ಪುಸ್ತಕ ತಗೋತೀರಂತಲ್ಲ, ಹೌದೇನ್ರಿ? ನಮ್ಮ ಮಾವನವರ ಪೆಟಗಿಯೊಳಗ ಒಂದ ಐತಿ. ಭಾಳ ಹಳೇದು. ರದ್ದಿಯವ ಬಾಗಲಕ್ಕ ಬಂದ ನಿಂತಾನ.”

ರದ್ದಿಯವ ಎಂಬ ಶಬ್ದ ಕೇಳಿದರೆ ನನ್ನ ಕಾಲು ತಾನಾಗಿ ಬಾಗಿಲ ಕಡೆ ತಿರುಗುತ್ತದೆ. “ಒಂದು ನಿಮಿಷ ಕುಂದ್ರಿ” ಎಂದು ರೈತರಿಗೆ ಹೇಳಿ ಓಡಿದೆ. ಹಾವೇರಿ ಬಸ್ಸು ಹೊರಟೇಬಿಟ್ಟಿತ್ತು, ಓಡಿ ಹತ್ತಿದೆ. ದಾರಿಯುದ್ದಕ್ಕೂ ಆ ರದ್ದಿಯವನ ತಕ್ಕಡಿಯೇ ಕಣ್ಣ ಮುಂದೆ.

ಮನೆ ಹುಡುಕಿ ಏದುಸಿರು ಬಿಡುತ್ತ ಒಳಗೆ ಹೋದರೆ ಆಕೆ ಸೆರಗಿನಿಂದ ಧೂಳು ಒರೆಸಿ ಪುಸ್ತಕ ಕೈಗಿಟ್ಟಳು. ಅದು ಸಾಮುದ್ರಿಕ ಶಾಸ್ತ್ರ. ಹಸ್ತರೇಖೆ ನೋಡುವ ಪುಸ್ತಕ.

“ಇದು ಸಮುದ್ರದ್ದಲ್ಲ ಯವ್ವಾ, ಕೈ ನೋಡೂದು” ಎಂದೆ.

ಒಳಗೆ ಮಂಚದ ಮೇಲೆ ಮಲಗಿದ್ದ ಮಾವನವರು ಎದ್ದು ಕೂತರು. “ಬಂದದ್ದು ಬಂದೀರಿ, ಕೈ ತೋರಸ್ರಿ” ಎಂದು ನನ್ನ ಅಂಗೈ ಹಿಡಿದು ಬಹಳ ಹೊತ್ತು ನೋಡಿದರು. “ಪ್ರಯಾಣ ಭಾಳ ಐತಿ,” ಅಂದರು. ನನಗೆ ಖುಷಿಯಾಯಿತು. “ಮುಟ್ಟೂದು ಮಾತ್ರ ಎಲ್ಲೂ ಕಾಣವಲ್ದು.”

ರೈತರ ನೆನಪು ಬಂದದ್ದು ತಿರುಗಿ ಬರುವ ಬಸ್ಸಿನಲ್ಲಿ. ಮೂರು ತಾಸು ಕಳೆದಿತ್ತು. ಅಂಗಡಿಗೆ ಓಡಿ ಬಂದು ನೋಡಿದರೆ, ಅದೇ ಕುರ್ಚಿ, ಅದೇ ಚೌಕಟ್ಟು, ಗೋಡೆಯ ಅಕ್ಷರಗಳ ಮೇಲೆ ಅದೇ ನೋಟ. ನನ್ನ ಹೆಜ್ಜೆ ಸಪ್ಪಳ ಕೇಳಿ, ತಲೆಯನ್ನೂ ಅಲುಗಿಸದೆ ಅವರು ಹೇಳಿದರು:

“ಮೊದಲಿಂದು ಚಲೋ ಇತ್ತರಿ.”

ನಂಬರು ಸರಿಯಿಲ್ಲ

ಹತ್ತಿರದ ಅಕ್ಷರ ಕಾಣುತ್ತದೋ ಇಲ್ಲವೋ ನೋಡಲು ನಾನು ಒಂದು ಹಳೆಯ ಕನ್ನಡ ಪುಸ್ತಕ ಕೊಡುತ್ತಿದ್ದೆ. ಬಿರುಗಾಳಿಗೆ ಸಿಕ್ಕ ಹಡಗೊಂದರ ಕಥೆ. ರಟ್ಟು ಹೋಗಿದೆ, ಮುದ್ರಿಸಿದವರು ಯಾರೆಂದು ತಿಳಿಯದು, ಆದರೆ ಅಕ್ಷರ ಮಾತ್ರ ಜೋಳದ ಕಾಳಿನಷ್ಟು ಸ್ಪಷ್ಟ.

ಒಬ್ಬ ಅಜ್ಜಿ ಬಂದಳು. ನಂಬರು ಹಾಕಿದೆ. ಪುಸ್ತಕ ಕೊಟ್ಟೆ. ಎರಡು ಪುಟ ಗಟ್ಟಿಯಾಗಿ ಓದಿ “ಚಲೋ ಕಾಣತೈತಿ ತಮ್ಮಾ” ಎಂದು ಚಶ್ಮಾ ಹಾಕಿಕೊಂಡು ಹೋದಳು. ಮೂರನೆಯ ದಿನಕ್ಕೆ ವಾಪಸು. “ಯಾಕೋ ಸರಿ ಇಲ್ಲ ತಮ್ಮಾ. ಇನ್ನೊಮ್ಮೆ ನೋಡು.” ಮತ್ತೆ ತಪಾಸಣೆ, ಮತ್ತೆ ಅದೇ ನಂಬರು. ಪುಸ್ತಕ ಕೊಟ್ಟೆ. ಈ ಸಲ ಆರು ಪುಟ ಓದಿದಳು. ಮರುವಾರ ಮತ್ತೆ ಬಂದಳು. ಅಷ್ಟರಲ್ಲಿ ನನ್ನ ರಾತ್ರಿಯ ನಿದ್ದೆಯೂ ಹೋಗಿತ್ತು. ಇಪ್ಪತ್ತು ವರ್ಷದ ಕಸುಬಿನಲ್ಲಿ ಒಂದು ನಂಬರು ಹಿಡಿಯಲು ಆಗುತ್ತಿಲ್ಲವೇ? ಹುಬ್ಬಳ್ಳಿಯ ಕಣ್ಣಿನ ಡಾಕ್ಟರರಿಗೆ ಚೀಟಿ ಬರೆದುಕೊಡಲು ಪೆನ್ನು ತೆಗೆದೆ.

ಆಕೆ ನನ್ನ ಕೈ ಹಿಡಿದಳು. “ಡಾಕ್ಟರ ಕಡೆ ಆ ಪುಸ್ತಕ ಇರತೈತೇನು?”

ಆಗ ತಿಳಿಯಿತು. ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಪುಸ್ತಕ ಕೈಗೆ ಕೊಟ್ಟೆ. ನಾಲ್ಕು ದಿನ ಬಂದಳು. ಹಡಗು ಒಡೆದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾವಿಕರು ದಂಡೆ ಮುಟ್ಟಿದಾಗ “ಬದುಕಿದ್ರು ನನ್ನ ಮಕ್ಕಳು” ಎಂದು ಲಟಿಕೆ ಮುರಿದಳು. ಆಮೇಲೆ ಪುಸ್ತಕವನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಚಶ್ಮಾ ತೆಗೆದಿಟ್ಟಳು.

“ಇದನ್ನೂ ಇಟ್ಕೊ ತಮ್ಮಾ. ಮುಗೀತಲ್ಲ, ಇನ್ನ ನನಗೇನ ಕೆಲಸ ಚಶ್ಮಾದ್ದು?”

ಐರಣಿಯ ಗಂಟು

ನಾವಿಕರು ಹಗ್ಗಕ್ಕೆ ಹಾಕುವ ಗಂಟುಗಳ ಒಂದು ಹಳೆಯ ಇಂಗ್ಲಿಷ್ ಪುಸ್ತಕ ಸಿಕ್ಕಿತು, ಚಿತ್ರಗಳ ಸಮೇತ. ಒಂದು ವಾರ ಮನೆಯಲ್ಲಿ ಕಂಡದ್ದಕ್ಕೆಲ್ಲ ಗಂಟು ಹಾಕಿದೆ. ಬಟ್ಟೆ ಒಣಹಾಕುವ ಹಗ್ಗ ಹೋಯಿತು, ನನ್ನ ಪೈಜಾಮದ ಲಾಡಿ ಹೋಯಿತು. “ನೀರಿನ ಗಂಟು ನೀರಿನ ಹತ್ರ ಹಾಕ ಹೋಗ್ರಿ” ಎಂದು ಮನೆಯವಳು ಹೊರಗೆ ಹಾಕಿದಳು. ಮಾತು ಸರಿಯೆನಿಸಿತು. ಐರಣಿಗೆ ಹೊರಟೆ, ತುಂಗಭದ್ರೆಯ ದಂಡೆಗೆ.

ಅಲ್ಲಿ ಜನರನ್ನು ದಾಟಿಸುವ ಅಂಬಿಗ ತೆಪ್ಪದ ಹಗ್ಗವನ್ನು ಜಾಲಿಯ ಬೊಡ್ಡೆಗೆ ಸುಮ್ಮನೆ ಎರಡು ಸುತ್ತು ಸುತ್ತಿ ಬೀಡಿ ಸೇದುತ್ತಿದ್ದ.

“ಇದೇನು ಗಂಟೋ ಮಾರಾಯಾ? ಗಾಳಿ ಬಂದ್ರ ಬಿಚ್ಚಿ ಹೋಗತೈತಿ” ಎಂದೆ.

“ನಮ್ಮ ಅಜ್ಜನ ಕಾಲದಿಂದ ಹೋಗಿಲ್ಲರಿ.”

“ತಾ ಇಲ್ಲಿ.” ಪುಸ್ತಕವನ್ನು ಕಲ್ಲಿನ ಮೇಲೆ ತೆರೆದಿಟ್ಟು, ಚಿತ್ರ ನೋಡಿ ನೋಡಿ ಬೆವರು ಸುರಿಸಿ ಗಂಟು ಬಿಗಿದೆ. “ಎಂಥಾ ತುಫಾನು ಬಂದ್ರೂ ಇದು ಬಿಚ್ಚಂಗಿಲ್ಲ.”

ಬಿಚ್ಚಲಿಲ್ಲ. ಆಚೆ ದಂಡೆಯಲ್ಲಿ ಏಳೆಂಟು ಜನ, ಎರಡು ಆಡು ನಿಂತು ಕೂಗತೊಡಗಿದರು. ಅಂಬಿಗ ಉಗುರಿನಿಂದ ಎಳೆದ, ಹಲ್ಲಿನಿಂದ ಕಚ್ಚಿದ. ನಾನೂ ಎಳೆದೆ. ಎಳೆದಷ್ಟೂ ಬಿಗಿಯಿತು. ಹುಲ್ಲಿನ ಹೊರೆ ಹೊತ್ತು ಬಂದ ಹೆಣ್ಣುಮಗಳೂ ಹೊರೆ ಇಳಿಸಿ ಒಂದು ಕೈ ಹಚ್ಚಿದಳು. ಆಚೆ ದಂಡೆಯ ಬೈಗುಳ ಈಗ ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ಕಟ್ಟೂದ ಪುಸ್ತಕದಾಗ ಐತಿ. ಬಿಚ್ಚೂದ ಇಲ್ಲೇನ್ರಿ ಅದರಾಗ?” ಅಂಬಿಗ ಕೇಳಿದ.

ಪುಟ ತಿರುವಿದೆ. “ಇತ್ತು. ಆ ಹಾಳೀನ ಗೆದ್ದಲ ತಿಂದಾವು.”

ಅವನು ಹೆಣ್ಣುಮಗಳ ಕುಡುಗೋಲು ಇಸಿದುಕೊಂಡು ಹಗ್ಗ ಕೊಯ್ಯುತ್ತ ಹೇಳಿದ, “ಹಂಗಾರ ಬಿಚ್ಚೂದು ಆ ಗೆದ್ದಲಕ್ಕ ಗೊತ್ತೈತಿ ಅಂದಂಗಾತು. ಮುಂದಿನ ಸಲ ಅದನ್ನ ಕರಕೊಂಡ ಬರ್ರಿ, ನೀವು ಬರಬ್ಯಾಡ್ರಿ.”

ಡಬ್ಬಿಯೋ ಕಡ್ಡಿಯೋ

ಹಡಗಿನ ವೈದ್ಯರಿಗೆಂದು ಬರೆದ ಒಂದು ದಪ್ಪ ಪುಸ್ತಕಕ್ಕೆ ಹುಳ ಬಿತ್ತು. ಬೇವಿನ ಎಲೆ ಇಟ್ಟೆ, ಕರ್ಪೂರ ಇಟ್ಟೆ, ಬಿಸಿಲಿಗೂ ಇಟ್ಟೆ. ಕಿವಿಗೊಟ್ಟರೆ ಒಳಗೆ ಕರಕರ ಸದ್ದು. ಚಳಿಗೆ ಹುಳ ಸಾಯುತ್ತದೆ ಎಂದು ಯಾರೋ ಹೇಳಿದರು. ಚಳಿಯನ್ನು ಎಲ್ಲಿಂದ ತರುವುದು? ಥಟ್ಟನೆ ಬ್ಯಾಡಗಿ ನೆನಪಾಯಿತು. ಅಲ್ಲಿ ಮೆಣಸಿನಕಾಯಿ ಕಾಯ್ದಿಡುವ ಕೋಲ್ಡ್ ಸ್ಟೋರೇಜುಗಳಿಗೆ ಲೆಕ್ಕವಿಲ್ಲ. ಪುಸ್ತಕವನ್ನು ಗೋಣಿಚೀಲಕ್ಕೆ ಹಾಕಿ ಹೊಲಿದು ಬಸ್ಸು ಹತ್ತಿದೆ.

ಅಲ್ಲಿನ ಕಾರಕೂನ ಚೀಲ ನೋಡಿ ಕೇಳಿದ, “ಡಬ್ಬಿಯೋ ಕಡ್ಡಿಯೋ?” ಗಿಡ್ಡ ಗುಂಡನೆಯ ಕಾಯಿ ಡಬ್ಬಿ, ಉದ್ದ ಸಣ್ಣ ಕಾಯಿ ಕಡ್ಡಿ.

“ಪುಸ್ತಕರಿ.”

“ನಮ್ಮ ಕಡೆ ಎರಡ ಥರಾ ಅದಾವು. ಎರಡರಾಗ ಒಂದ ಹೇಳ್ರಿ.”

“ದಪ್ಪ ಐತಿ. ಡಬ್ಬಿ ಅಂತ ಬರೀರಿ.”

ಒಂದು ತಿಂಗಳು ಹೇಗೆ ಕಳೆದೆನೋ ನನಗೇ ಗೊತ್ತು. ಗಿರಾಕಿಗೆ ಕಾಜು ತಿಕ್ಕುವಾಗಲೂ ಮನಸ್ಸು ಬ್ಯಾಡಗಿಯ ಚಳಿಯಲ್ಲಿ. ಬಿಡಿಸಿಕೊಳ್ಳಲು ಹೋದರೆ ಚೀಲ ಇಲ್ಲ. ಹಮಾಲರು ಬೆಳಿಗ್ಗೆ ಡಬ್ಬಿಯ ಚೀಲಗಳ ಜೊತೆ ಅದನ್ನೂ ಮಾರುಕಟ್ಟೆಗೆ ಒಯ್ದಿದ್ದರು. ಓಡಿದೆ. ಮೆಣಸಿನಕಾಯಿ ರಾಶಿಗಳ ನಡುವೆ ಸೀನುತ್ತ, ಕಣ್ಣಲ್ಲಿ ನೀರು ಸುರಿಸುತ್ತ, ಹೊಲಿಗೆ ಬಿಚ್ಚಿದ ಚೀಲಗಳನ್ನೆಲ್ಲ ಇಣುಕುತ್ತ ಓಡಿದೆ. “ಯಾರ ಹೋದ್ರರಿ ಪಾಪ?” ಎಂದು ಒಬ್ಬ ಹಮಾಲ ಮರುಗಿದ.

ಕಡೆಗೆ ಸಿಕ್ಕಿತು. ದೊಡ್ಡ ವ್ಯಾಪಾರಿಯೊಬ್ಬರು ಕಿವಿಗೆ ಮೊಬೈಲು ಹಚ್ಚಿ ಮಾತಾಡುತ್ತ, ಕಣ್ಣೆತ್ತಿಯೂ ನೋಡದೆ, ಚೀಲದೊಳಗೆ ಕೈ ಹಾಕಿ ಹಾಳೆಯ ಚೂರೊಂದು ಮುರಿದುಕೊಂಡಿದ್ದರು. ಅದನ್ನು ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ ಮೂಸಿದರು. ಅವರು ಫೋನನ್ನು ಕೆಳಗಿಳಿಸಿ ತೀರ್ಪು ಕೊಟ್ಟರು:

“ಹಳೇ ಮಾಲು. ಬಣ್ಣ ಇಲ್ಲ, ಖಾರ ಇಲ್ಲ. ಆದ್ರ ಒಣಗಿದ್ದು ಮಾತ್ರ ಇಡೀ ಮಾರ್ಕೆಟ್‌ನ್ಯಾಗ ಇದರಷ್ಟು ಯಾವದೂ ಒಣಗಿಲ್ಲ.”

ಬಿಟ್ಟು ಬಂದದ್ದು

ಹೇಳಲು ನಾಚಿಕೆಯಾಗುತ್ತದೆ, ಕಪಾಟು ತುಂಬ ಇಷ್ಟೆಲ್ಲ ಪುಸ್ತಕ ಇಟ್ಟುಕೊಂಡೂ ನಾನು ಸಮುದ್ರ ನೋಡಿದವನಲ್ಲ. ಮನೆಯವಳೂ ನೋಡಿರಲಿಲ್ಲ. ಪ್ರತಿ ವರ್ಷ ಹೋಗೋಣ ಅನ್ನುತ್ತಿದ್ದೆವು. ಹೊರಡುವ ಹೊತ್ತಿಗೆ ಎಲ್ಲೋ ಒಂದು ಪುಸ್ತಕ ಎದ್ದು ಬರುತ್ತಿತ್ತು.

ಹೋದ ವರ್ಷ ಕುಮಟಾ ಕಡೆಯ ಒಬ್ಬ ಮುದುಕರ ಸುದ್ದಿ ಬಂತು. ಅವರ ಅಜ್ಜ ಹಾಯಿಹಡಗು ನಡೆಸುತ್ತಿದ್ದ ತಂಡೇಲರು. ಆ ಅಜ್ಜ ಕನ್ನಡದಲ್ಲೇ ಕೈಯಿಂದ ಬರೆದ, ದಂಡೆಯ ನಕ್ಷೆಗಳಿರುವ ಪುಸ್ತಕ ಮನೆಯಲ್ಲಿದೆಯಂತೆ. “ಕೊಡುವುದಿಲ್ಲ. ಇಲ್ಲೇ ಕೂತು ನೋಡುವುದಾದರೆ ಬನ್ನಿ” ಎಂದರು ಫೋನಿನಲ್ಲಿ.

“ಪುಸ್ತಕಾನೂ ಆತು, ಸಮುದ್ರಾನೂ ಆತು” ಎಂದು ಮನೆಯವಳು ಹೊಸ ಸೀರೆ ಉಟ್ಟಳು. ಬೆಳಗಿನ ಬಸ್ಸಿಗೆ ಹೊರಟೆವು. ಶಿರಸಿ ದಾಟಿ ಘಟ್ಟ ಇಳಿಯುವಾಗ ಆಕೆ ಕಿಟಕಿ ಬಿಟ್ಟು ಕದಲಲಿಲ್ಲ. ನಾನು ಸೀಟಿನ ತುದಿಯಲ್ಲಿ ಕೂತು ಬಂದೆ, ಇನ್ನೂ ಎಷ್ಟು ದೂರ ಎಂದು ಹತ್ತು ಸಲ ಕೇಳಿ.

ತೆಂಗಿನ ತೋಟದೊಳಗಿನ ಓಣಿ ದಾಟಿದರೆ ಮನೆ. ಮುದುಕರು ಜಗಲಿಯ ಮೇಲೆ ಕೆಂಪು ಬಟ್ಟೆ ಬಿಚ್ಚಿ ಪುಸ್ತಕ ಇಟ್ಟರು. ಗಾಳಿಗೆ ಪುಟಗಳು ಹಾರತೊಡಗಿದವು. ನಾನು ಗಾಳಿಗೆ ಬೆನ್ನು ಕೊಟ್ಟು, ಗೋಡೆಗೆ ಮುಖ ಮಾಡಿ ಕೂತೆ.

ಎಂಥ ಪುಸ್ತಕ ಅದು! ಯಾವ ತಿಂಗಳು ಯಾವ ಗಾಳಿ, ಯಾವ ನಕ್ಷತ್ರ ಹಿಡಿದು ಹೋದರೆ ಯಾವ ಬಂದರು, ನೀರಿನ ಬಣ್ಣ ಬದಲಾದರೆ ಕೆಳಗೆ ಏನಿದೆ. ನಾನು ನೋಟ್‌ಬುಕ್ ತೆಗೆದು ಒಂದೇ ಸಮನೆ ಬರೆದುಕೊಳ್ಳತೊಡಗಿದೆ.

“ರೀ, ಬರ್ರಿ, ನೀರಿಗೆ ಹೋಗೂಣು” ಎಂದಳು ಮನೆಯವಳು.

“ಬಂದೆ, ಇದೊಂದ ಪುಟ.”

ಆಕೆ ಆ ಮನೆಯ ಸೊಸೆಯ ಜೊತೆ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ದೂರದಿಂದ ಕೂಗಿದಳು. “ಬಂದೆ!” ಎಂದು ನಾನೂ ಕೂಗಿದೆ. ಒಂದು ನಕ್ಷೆಯಲ್ಲಿ ಆಮೆಯಂಥ ಬಂಡೆಯೊಂದಿತ್ತು. “ಇದು ಎಲ್ಲಿ ಬರತೈತ್ರಿ?” ಎಂದು ಮುದುಕರನ್ನು ಕೇಳಿದೆ.

“ನಿಮ್ಮ ಬೆನ್ನ ಹಿಂದೇ ಇದೆಯಲ್ಲ ಮಾರಾಯ್ರೆ. ತಿರುಗಿದರೆ ಕಾಣ್ತದೆ.”

“ಹೌದೇನ್ರಿ?” ಎಂದು, ‘ಬೆನ್ನ ಹಿಂದೆ ಇದೆ’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಹೊತ್ತು ಇಳಿಯಿತು. “ನಿಮ್ಮ ಕಡೆಯ ಬಸ್ಸು ಇದೇ ಕೊನೇದು” ಎಂದು ಮುದುಕರು ಎಬ್ಬಿಸಿದರು. ಓಣಿಯಲ್ಲಿ ಓಡಿ ಓಡಿ ಬಸ್ಸು ಹಿಡಿದೆವು. ಸೀಟು ಸಿಕ್ಕಿತು. ನನ್ನ ತಲೆಯ ತುಂಬ ಗಾಳಿ, ನಕ್ಷತ್ರ. ಜೀವಮಾನದಲ್ಲಿ ಅಷ್ಟು ತೃಪ್ತಿ ಆಗಿರಲಿಲ್ಲ. ಮನೆಯವಳು ಚಪ್ಪಲಿ ಬಿಚ್ಚಿ ಮರಳು ಕೊಡವಿದಳು. ಸೀರೆ ಮೊಣಕಾಲಿನವರೆಗೂ ತೊಯ್ದಿತ್ತು. ಅಷ್ಟೊತ್ತಿಗೆ ಬಸ್ಸು ಘಟ್ಟದ ಬುಡ ಮುಟ್ಟಿತ್ತು.

“ನೀರು ಎಷ್ಟ ಬೆಚ್ಚಗ ಇತ್ತರೀ!” ಎಂದಳು.

“ಯಾವ ನೀರು?” ಎಂದೆ.

ಆಕೆ ನನ್ನ ಮುಖ ನೋಡಿದಳು. ನಾನು ಆಕೆಯ ಸೀರೆಯ ಅಂಚು ನೋಡಿದೆ. ಆಮೇಲೆ ಎದ್ದು ನಿಂತು ಕಿರುಚಿದೆ, “ನಿಲ್ಲಸ್ರಿ! ಕಂಡಕ್ಟರ್, ಬಸ್ ನಿಲ್ಲಸ್ರಿ!”

ಕಂಡಕ್ಟರು ನಮ್ಮ ಹಾವೇರಿ ಕಡೆಯವನೇ. ಟಿಕೆಟ್ ಯಂತ್ರ ಬಗಲಿಗೆ ಸಿಗಿಸಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಬಂದ.

“ಏನಾತರಿ? ಏನರ ಬಿಟ್ಟ ಬಂದ್ರೇನು?”

“ಹೌದರಿ, ಬಿಟ್ಟ ಬಂದೇನಿ.”

“ಏನು, ಬ್ಯಾಗೇನು? ಮೊಬೈಲೇನು?”

“ಸಮುದ್ರರಿ.”

ಕಂಡಕ್ಟರು ನನ್ನನ್ನು ನೋಡಿದ, ಬಾಯಿಗೆ ಸೆರಗು ಒತ್ತಿ ನಗು ತಡೆಯುತ್ತಿದ್ದ ಮನೆಯವಳನ್ನು ನೋಡಿದ. ಆಮೇಲೆ ಮಕ್ಕಳಿಗೆ ಸಮಾಧಾನ ಹೇಳುವ ಹಾಗೆ ನನ್ನ ಭುಜ ಹಿಡಿದು ಸೀಟಿನಲ್ಲಿ ಕೂರಿಸಿದ.

“ಕುಂದ್ರಿ ಯಜಮಾನ್ರ, ಗಾಬರಿ ಆಗಬ್ಯಾಡ್ರಿ. ಅದನ್ನ ಯಾರೂ ಎತ್ಕೊಂಡ ಹೋಗಂಗಿಲ್ಲ.”